ಬೆನ್ನು ತಿರುಗಿಸಿ ಕೂತವಳು

"ಈ ಗೌನು ನೀವು ಹೊಲಿದದ್ದೋ, ಕಾಸಿಲ್ದಾ ಅವ್ರ ಸ್ವಂತದ್ದೋ? ಅದೊಂದು ಹೇಳ್ಬಿಡಿ ಲಿಂದಕ್ಕ," ಎನ್ನುತ್ತಾ ಬಸಲಾರ್ ಸಾಹೇಬರು ಫೋಟೋವನ್ನು ನನ್ನ ಇಸ್ತ್ರಿ ಮೇಜಿನ ಮೇಲಿಟ್ಟರು.

"ಮೊದ್ಲು ಕೈ ತೆಗೀರಿ. ಪೆಟ್ಟಿಗೆ ಕಾದಿದೆ. ಸುಟ್ಕೊಂಡ್ರೆ ಅದಕ್ಕೂ ನನ್ನ ಮೇಲೇ ಕೇಸು ಹಾಕ್ತೀರಿ."

ಕೈ ತೆಗೆದರು. ಪೊಲೀಸ್ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಸವೆಸಿ ನಿವೃತ್ತರಾಗಿ, ಈಗ ಕರೆದವರಿಗೆ ಪತ್ತೆ ಕೆಲಸ ಮಾಡಿಕೊಡುವ ಮನುಷ್ಯ. ನಮ್ಮ ನಿರ್ದೇಶಕಿ ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿದ್ದರು, ಒಂಬತ್ತಕ್ಕೆಲ್ಲ ರಂಗಮಂದಿರದಲ್ಲಿ ಹಾಜರು. ಬಂದಾಗಿನಿಂದ ಬೇಯಿಸಿದ ಜೋಳದ ತೆನೆ ತಿನ್ನುತ್ತಾ ಎಲ್ಲರನ್ನೂ ಒಂದೇ ಪ್ರಶ್ನೆ ಮೂರು ಸಲ ಕೇಳುತ್ತಿದ್ದರು.

ಆಗ ಮಧ್ಯಾಹ್ನ ಎರಡು. ನಮಗೆ ಉಳಿದಿದ್ದದ್ದು ಮೂರು ಗಂಟೆ.

ಬೆಳಗಿನ ಪತ್ರಿಕೆಯ ಮುಖಪುಟದಲ್ಲಿ ಆ ಫೋಟೋ ಬಂದಿತ್ತು. ಉದ್ದನೆಯ ಊಟದ ಮೇಜು. ಒಂದು ಕಡೆ ಪದಕಗಳ ಕೋಟು ತೊಟ್ಟ ಜನರಲ್. ಮುಖ ದೀಪದ ಹಿಂದೆ ಮರೆಯಾಗಿದೆ. ಇನ್ನೊಂದು ಕಡೆ ನಮಗೆ ಬೆನ್ನು ತಿರುಗಿಸಿ ಕೂತ ಹೆಂಗಸು, ತಲೆಯ ಮೇಲೆ ಕಪ್ಪು ಲೇಸು, ಮೈಮೇಲೆ ಲೀಮಾದ ಮಕ್ಕಳಿಗೂ ಗೊತ್ತಿರುವ ಆ ಗೌನು. ಕೆಳಗೆ ದಪ್ಪಕ್ಷರದಲ್ಲಿ: 'ಆ ರಾತ್ರಿ ಕಾಸಿಲ್ದಾ ಅರಮನೆಗೆ ಹೋಗಿದ್ದಳು.'

ಕಾಸಿಲ್ದಾ ಹೋಗಿರಲಿಲ್ಲ. ಅದೇ ಅವಳ ಹೆಮ್ಮೆ, ನಮ್ಮ ಹೆಮ್ಮೆ, ಇಡೀ ಕಯ್ಯಾವೊ ಬಂದರಿನ ಹೆಮ್ಮೆ. ನಲವತ್ಮೂರು ವರ್ಷದ ಹಿಂದೆ ಹಮಾಲಿಗಳು ಮುಷ್ಕರ ಹೂಡಿದಾಗ ಆಗ ದೇಶ ಆಳುತ್ತಿದ್ದ ಜನರಲ್ ತನ್ನ ಊಟಕ್ಕೆ ಹಾಡಲು ಅವಳಿಗೆ ಕಾರು ಕಳಿಸಿದ್ದ. ಕಾರು ಮುಂಬಾಗಿಲಲ್ಲಿ ಕಾಯುತ್ತಿದ್ದಾಗ ಅವಳು ಹಿಂಬಾಗಿಲಿಂದ ಬಂದರಿಗೆ ನಡೆದು, ಹತ್ತಿಯ ಮೂಟೆಗಳ ಮೇಲೆ ಹತ್ತಿ ನಿಂತು ಬೆಳಗಾಗುವ ತನಕ ಹಾಡಿದಳು. ಅಲ್ಲಿ ತಾನೂ ಇದ್ದೆ ಎನ್ನದ ಅಜ್ಜಿ ನಮ್ಮ ಕಡೆ ಇಲ್ಲ.

ನಾಳೆ ಅಕ್ಟೋಬರ್ ಮೂವತ್ತೊಂದು, ನಮ್ಮ ಹಾಡುಗಳ ಹಬ್ಬದ ದಿನ, ತೀರಿಕೊಂಡ ನಮ್ಮ ಆ ಹಾಡುಗಾರ್ತಿಯ ಜೀವನದ ನಾಟಕದ ಮೊದಲ ಪ್ರದರ್ಶನ. ಅವಳ ಅಣ್ಣನ ಮಗಳು ಸೊರಾಯ್ದಾ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: ಇವತ್ತು ಸಂಜೆ ಐದರೊಳಗೆ ಫೋಟೋ ಸುಳ್ಳೆಂದು ತೋರಿಸಿ, ಇಲ್ಲವೇ ನಾಟಕಕ್ಕೆ ಕೊಟ್ಟ ಒಪ್ಪಿಗೆ ವಾಪಸ್. ಐದಕ್ಕೆ ಪತ್ರಕರ್ತರನ್ನೂ ಅವಳೇ ಕರೆದಿದ್ದಳು.

ನಾನು ಫೋಟೋ ಕೈಗೆತ್ತಿಕೊಂಡೆ. ಪತ್ರಿಕೆಯ ಕಚೇರಿಯಿಂದ ಸಾಹೇಬರು ತಂದಿದ್ದ ಅಸಲು ಪ್ರತಿ ಅದು. ತೋಳಿನ ನೆರಿಗೆ, ಬೆನ್ನಿನ ಇಪ್ಪತ್ತೆಂಟು ಹುಕ್ಕು, ಹಿಂದಿನ ಅಂಚು ಮುಂದಿನದಕ್ಕಿಂತ ಬೆರಳಷ್ಟು ಉದ್ದ. ಎಲ್ಲವೂ ಕಾಸಿಲ್ದಾಳ ಗೌನಿನಲ್ಲಿದ್ದ ಹಾಗೇ.

"ಇದು ಅವ್ರದ್ದೇ," ಎಂದೆ. "ಸೊರಾಯ್ದಾ ಮನೆ ಬೀರುವಿನಲ್ಲಿರೋ ಗೌನು. ನಾಟಕಕ್ಕೆ ಅಂಥದ್ದೇ ಹೊಲಿಯೋಕೆ ಹದಿನೇಳು ದಿನ ಅದರ ಮುಂದೆ ಮೊಣಕಾಲೂರಿ ಅಳತೆ ತಗೊಂಡು ಬಂದೋಳು ನಾನು."

"ನಿಮ್ಮದು ಅಲ್ಲ ಅಂತ ಹೇಗೆ ಹೇಳ್ತೀರಿ?"

"ನನ್ನದೂ ಇದೇ ಥರ ಇರೋದು. ಅದು ನನ್ನ ಕೈಗುಣ ಸಾಹೇಬ್ರೇ, ನಿಮ್ಮ ಸಾಕ್ಷಿ ಅಲ್ಲ."

ಅಷ್ಟರಲ್ಲಿ ಮಕಾರಿಯೊ ಬಂದ. ರಂಗಸಜ್ಜಿಕೆ, ಬೆಳಕು ಎರಡೂ ಅವನದೇ. ಗಡ್ಡದಲ್ಲಿ ಬಣ್ಣ, ಬಾಯಲ್ಲಿ ಹಂದಿಮಾಂಸ ತುಂಬಿದ ಬ್ರೆಡ್ಡು. ಬೆಳಿಗ್ಗೆ ಎಲ್ಲರೂ ಆ ಪತ್ರಿಕೆ ನೋಡಿ ತಲೆ ಮೇಲೆ ಕೈ ಹೊತ್ತಾಗ ಇವನೊಬ್ಬ ಒಳಗೊಳಗೇ ಹಿಗ್ಗಿದ್ದ.

"ನೋಡಿದ್ರಿ ತಾನೇ ಲಿಂದಕ್ಕ? ಅರಮನೆ ಪರದೆ, ದೀಪ, ಕುರ್ಚಿ ಬೆನ್ನಿನ ಕೆತ್ತನೆ! ಎರಡೇ ಹಳೇ ಚಿತ್ರ ನೋಡ್ಕೊಂಡು ನಾನು ಮಾಡಿದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ಯಾರಾದ್ರೂ ಒಂದು ಮಾತು ಹೊಗಳಿದ್ರಾ?"

"ಮನೆ ಹೊತ್ತಿ ಉರೀತಿದೆ, ನಿನಗೆ ಕುರ್ಚಿ ಕೆತ್ತನೆ ಚಿಂತೆ," ಎಂದೆ. ಆದರೆ ನಿಜ ಹೇಳಬೇಕೆಂದರೆ ಬೆಳಿಗ್ಗೆ ನಾನೂ ಮೊದಲು ನೋಡಿದ್ದು ತೋಳಿನ ನೆರಿಗೆಯನ್ನೇ. ಅಸಲಿಗೂ ನನ್ನದಕ್ಕೂ ಹೇಗೆ ಹೊಂದುತ್ತದೆಂದು ಎದೆ ಉಬ್ಬಿತ್ತು. ಆಮೇಲಷ್ಟೇ ಅಳು ಬಂದದ್ದು.

ಸಾಹೇಬರು ಫೋಟೋ ಮಗುಚಿದರು. "ಕಾಗದದ ಹಿಂದೆ ಕಂಪನಿ ಗುರುತಿದೆ. ಆ ಕಂಪನಿ ಬಾಗಿಲು ಹಾಕಿ ಮೂವತ್ತೈದು ವರ್ಷ ಆಯ್ತು. ಕಾಗದ ಹಳೇದು. ಪರದೆ ಅಸಲಿ ಅಂತೀರಿ, ಗೌನು ಅಸಲಿ ಅಂತೀರಿ. ಇನ್ನು ನಾನು ಸುಳ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮಕಾರಿಯೊ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ.

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಸಾಹೇಬರ ಭೂತಗನ್ನಡಿ ಕಿತ್ತುಕೊಂಡು ಹೊಲಿಗೆಯ ಮೇಲೆ ಹೊಲಿಗೆ ನೋಡುತ್ತಾ ಕೆಳಗಿಳಿದೆ. ಭುಜ. ಬೆನ್ನು. ಸೊಂಟ. ಅಲ್ಲಿ ನಿಂತೆ.

ಸೊಂಟದ ಹಿಂದೆ, ಬೆನ್ನು ಒಳಕ್ಕೆ ಬಾಗುವ ಕಡೆ, ಒಂದು ಉಬ್ಬು. ಬೆಂಕಿಪೊಟ್ಟಣದ ಗಾತ್ರ. ದೀಪದ ಬೆಳಕಿಗೆ ಅದರ ಅಂಚು ಸಣ್ಣ ನೆರಳು ಬಿಟ್ಟಿತ್ತು.

ಮೊದಲು ಮೈ ಉರಿಯಿತು. ಕಾಸಿಲ್ದಾಳ ಗೌನು ಹೊಲಿದ ಆ ಕಾಲದ ದರ್ಜಿ ಅಂಥ ಒರಟು ಕೆಲಸ ಮಾಡಿರಲು ಸಾಧ್ಯವೇ ಇಲ್ಲ. ಅಂಗೈ ಸವರಿ ನೋಡಿದ ಬಟ್ಟೆ ಅದು, ನೀರಿನ ಹಾಗೆ ಇಳಿದಿತ್ತು. ಅಲ್ಲಿ ಉಬ್ಬಿರಲಿಲ್ಲ.

ಉಬ್ಬಿರುವುದು ನನ್ನದರಲ್ಲಿ.

"ಮಕಾರಿಯೊ," ಎಂದೆ. "ಸೋಮವಾರ ಸಂಜೆ ಮೈಕಿನವನು ಬಂದು ನನ್ನ ಜೀವ ತಿಂದ, ನೆನಪಿದೆಯಾ?"

"ವಿಗ್‌ನೊಳಗೆ ಡಬ್ಬಿ ಇಟ್ರೆ ಬೆವರಿಗೆ ಕೆಡುತ್ತೆ ಅಂತ. ಬೆನ್ನ ಹಿಂದೆ ಚೀಲ ಹೊಲಿದುಕೊಡಿ ಅಂದ. ನೀವು ಅವನಿಗೆ ಕತ್ತರಿ ತೋರಿಸಿದ್ರಿ."

"ಆಮೇಲೆ ಹೊಲಿದುಕೊಟ್ಟೆ. ಮಾರನೇ ದಿನದ ತಾಲೀಮಿಗೆ ಡಬ್ಬಿ ಇಟ್ಟೇ ತೊಡಿಸಿದೆ."

ಹ್ಯಾಂಗರಿನಲ್ಲಿದ್ದ ನನ್ನ ಗೌನನ್ನು ತೆಗೆದು ಮಗುಚಿ ತೋರಿಸಿದೆ. ಅಸ್ತರಿನೊಳಗೆ, ಸೊಂಟದ ಹಿಂದೆ, ಮೈಕಿನ ಬ್ಯಾಟರಿ ಡಬ್ಬಿಗೆಂದು ಹೊಲಿದ ಪುಟ್ಟ ಚೀಲ. ಸಾಹೇಬರು ಡಬ್ಬಿ ತರಿಸಿ ಅದರೊಳಗಿಟ್ಟರು. ಫೋಟೋದಲ್ಲಿದ್ದ ಉಬ್ಬೇ ಅದು, ಜಾಗ, ಗಾತ್ರ ಎಲ್ಲಾ ಸೇರಿ.

"ನಲವತ್ಮೂರು ವರ್ಷದ ಹಿಂದೆ ತಂತಿ ಇಲ್ಲದ ಮೈಕು!" ಎಂದರು ಸಾಹೇಬರು. ಮೊದಲ ಬಾರಿಗೆ ಆ ಮುಖದಲ್ಲಿ ನಗು ಕಂಡೆ. "ಅಂದ್ರೆ ಈ ಫೋಟೋಗೆ ಮೂರು ದಿನಕ್ಕಿಂತ ಜಾಸ್ತಿ ವಯಸ್ಸಿಲ್ಲ."

ಮಕಾರಿಯೊ ಫೋಟೋ ಕಿತ್ತುಕೊಂಡು ರಂಗದ ಪಕ್ಕದ ಗೋಡೆಗೆ ಓಡಿದ. ನಾವೂ ಹಿಂದೆ ಹೋದೆವು. ಬೆಳಕಿನ ತಾಲೀಮಿನಲ್ಲಿ ಪ್ರತಿ ದೃಶ್ಯದ ಬೆಳಕು ಹೊಂದಿಸಿದ ಮೇಲೆ ಅವನು ಒಂದು ಕಪ್ಪುಬಿಳುಪು ಚಿತ್ರ ತೆಗೆದು, ತಾನೇ ತೊಳೆದು, ನಂಬರು ಹಾಕಿ ಅಲ್ಲಿ ಚುಚ್ಚಿಡುತ್ತಾನೆ. ನಲವತ್ತಾರರ ಪಕ್ಕದಲ್ಲಿ ನಲವತ್ತೆಂಟಿತ್ತು.

"ನಲವತ್ತೇಳು, ಎರಡನೇ ಅಂಕ," ಎಂದ ಮಕಾರಿಯೊ. "ಜನರಲ್‌ನ ಕನಸು. ಬಾರದೇ ಹೋದ ಕಾಸಿಲ್ದಾ ಬಂದು ತನ್ನ ಮೇಜಿಗೆ ಕೂತ ಹಾಗೆ ಅವನು ಕಾಣೋ ಕನಸು. ಅಂಚು ಕತ್ತರಿಸಿದ್ದಾರೆ, ನಂಬರು ಹೋಗಿದೆ."

"ಕಾಗದ?" ಎಂದರು ಸಾಹೇಬರು.

ಮಕಾರಿಯೊ ಕಿವಿ ಕೆರೆದುಕೊಂಡ. "ತಕೋರಾ ಸಂತೇಲಿ ಹಳೇ ಕಾಗದದ ಪೆಟ್ಟಿಗೆ ಸಿಗುತ್ತೆ. ಕೆಲಸಕ್ಕೇನೂ ಮೋಸ ಇಲ್ಲ. ನಮ್ಮಂಥೋರಿಗೆ ಹೊಸದೆಲ್ಲಿ ಕೊಡಿಸ್ತಾರೆ?"

"ಹಾಗಾದ್ರೆ ಈ ಜನರಲ್ಲು?"

ಅದಕ್ಕೆ ಉತ್ತರ ನಾನು ಕೊಟ್ಟೆ. ಬೆಳಕಿನ ತಾಲೀಮಿಗೆ ಜನರಲ್ ಪಾತ್ರದವನು ಬರುವುದೇ ಇಲ್ಲ, ಅವನ ಕೋಟನ್ನು ನನ್ನ ಹೊಲಿಗೆ ಬೊಂಬೆಗೆ ತೊಡಿಸಿ ಕೂರಿಸುತ್ತೇವೆ. ಆ ಪತ್ರಿಕೆ ಜನರಲ್‌ನ ಉಕ್ಕಿನಂಥ ನಿಲುವಿನ ಬಗ್ಗೆ ಎರಡು ಸಾಲು ಬರೆದಿತ್ತು. ಆ ಉಕ್ಕಿನ ಮನುಷ್ಯನ ಹೊಟ್ಟೆಯಲ್ಲಿ ಇರುವುದು ಮರದ ಹೊಟ್ಟು.

ಮೂವರೂ ನಕ್ಕೆವು. ನಾಚಿಕೆಯೂ ಆಯಿತು. ನಮ್ಮ ಕೆಲಸ ಅಷ್ಟು ಚೆನ್ನಾಗಿದೆಯೆಂದರೆ ನಮಗೇ ಅದು ಅಸಲಿಯೆಂದು ಕಂಡಿತ್ತು. ಬೇರೆ ಯಾವ ಕಸುಬಿನವರೂ ಇಷ್ಟು ದೊಡ್ಡ ದಡ್ಡರಾಗಲಾರರು. ಆದರೂ ಆ ಗಳಿಗೆಯಲ್ಲಿ ಲೀಮಾದಲ್ಲೇ ನನಗಿಂತ ಹೆಮ್ಮೆಯ ಹೆಂಗಸು ಇರಲಿಲ್ಲ.

"ಸರಿ," ಎಂದರು ಸಾಹೇಬರು. "ಗೌನು ನಿಮ್ಮದು, ಕೋಣೆ ಇವನದು, ಫೋಟೋ ಇವನದು, ಜನರಲ್ ಬೊಂಬೆ. ಇನ್ನು ಉಳಿದದ್ದು ಗೌನಿನೊಳಗಿರೋಳು."

"ಒತಿಲಿಯಾ," ಎಂದೆವು ಇಬ್ಬರೂ.

ಒತಿಲಿಯಾ ನಮ್ಮ ಕಾಸಿಲ್ದಾ. ಹತ್ತು ವರ್ಷದಿಂದ ಆ ಪಾತ್ರಕ್ಕೆ ಕಾದವಳು. ಬಂದಾಗ ಅಕ್ಟೋಬರ್ ತಿಂಗಳಿಡೀ ಉಡುವ ನೇರಳೆ ಹರಕೆ ಬಟ್ಟೆಯಲ್ಲೇ ಇದ್ದಳು, ಕಣ್ಣು ಅತ್ತು ಊದಿಕೊಂಡಿದ್ದವು.

"ಮಂಗಳವಾರ ಮಧ್ಯಾಹ್ನ ಬೆಳಕಿನ ತಾಲೀಮಿಗೆ ಈ ಗೌನು ಹಾಕ್ಕೊಂಡು ಕೂತಿದ್ದು ನೀನು," ಎಂದರು ಸಾಹೇಬರು. "ಫೋಟೋ ಕದ್ದು ಪತ್ರಿಕೆಗೆ ಕೊಟ್ಟಿದ್ದೂ ನೀನೇನಾ?"

"ನಾನಾ? ಕಾಸಿಲ್ದಾ ಮೇಲೆ ಕೆಸರು ಎರಚೋಕಾ?" ಅವಳು ಸಾಹೇಬರ ಎದುರಿಗೇ ನಿಂತಳು. "ನನ್ನ ಅಜ್ಜಿ ನನಗೆ ತಾಯಿ ಹೆಸರು ಕಲಿಸೋ ಮುಂಚೆ ಅವರ ಹಾಡು ಕಲಿಸಿದ್ರು."

"ಪ್ರಶ್ನೆಗೆ ಉತ್ತರ ಅದಲ್ಲ."

"ಮಂಗಳವಾರ ನಾನಿಲ್ಲಿ ಇರ್ಲೇ ಇಲ್ಲ!"

ಮಂಗಳವಾರ ಇಪ್ಪತ್ತೆಂಟನೇ ತಾರೀಕು, ಚರ್ಚಿನಿಂದ ಹೊರಡುವ ಪವಾಡಗಳ ಸ್ವಾಮಿಯ ಮೆರವಣಿಗೆ. ಸ್ವಾಮಿಗೆ ಮುಖ ಮಾಡಿ, ಧೂಪ ಹಾಕುತ್ತಾ ಹಿಮ್ಮುಖವಾಗಿ ನಡೆಯುವ ಹೆಂಗಸರಲ್ಲಿ ತಾನೂ ಇದ್ದೆ ಎಂದಳು. ತಾಯಿಯ ಕಾಯಿಲೆಗೆ ಹೊತ್ತ ಹರಕೆ. ಕೊನೆಯ ವಾರ ರಜೆ ಕೇಳಿದರೆ ನಿರ್ದೇಶಕಿ ಪಾತ್ರವನ್ನೇ ಕಿತ್ತುಕೊಳ್ಳುತ್ತಿದ್ದರು.

"ಬೆಳಕಿನ ತಾಲೀಮಲ್ವಾ, ಮಾತಿಲ್ಲ, ಹಾಡಿಲ್ಲ, ಸುಮ್ನೆ ಕೂತ್ರೆ ಸಾಕು. ನನ್ನ ಬದಲು ಒಬ್ರು ಕೂರ್ತೀನಿ ಅಂದ್ರು. ಯಾರಿಗೂ ಹೇಳ್ಬೇಡ ಅಂತ ಸ್ವಾಮಿ ಮೇಲೆ ಆಣೆ ಇಡಿಸಿಕೊಂಡ್ರು. ಹೆಸರು ಮಾತ್ರ ಕೇಳ್ಬೇಡಿ ಸಾಹೇಬ್ರೇ. ಈ ಬಟ್ಟೆ ಮೈಮೇಲಿರೋವಾಗ ಆಣೆ ಮುರಿಯೋಳಲ್ಲ ನಾನು."

ಸಾಹೇಬರು ನನ್ನ ಕಡೆ ತಿರುಗಿದರು. "ಗೌನು ತೊಡಿಸಿದ್ದು ನೀವು. ಮುಖ ನೋಡ್ಲಿಲ್ವಾ?"

"ಇಲ್ಲ," ಎಂದೆ.

ಅದನ್ನು ಹೇಳಲು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು. ರಂಗದ ಪಕ್ಕದಲ್ಲಿ ಒಂದು ನೀಲಿ ಬಲ್ಬು ಮಾತ್ರ ಉರಿಯುತ್ತದೆ. ವಿಗ್ಗು, ಮೇಲೆ ಲೇಸು. ನಾನು ಹಿಂದೆ ನಿಂತು ಇಪ್ಪತ್ತೆಂಟು ಹುಕ್ಕು ಹಾಕುತ್ತೇನೆ. ನಲವತ್ತು ವರ್ಷದಿಂದ ನಾನು ನೋಡುತ್ತಾ ಬಂದಿರುವುದು ಬೆನ್ನುಗಳನ್ನು.

"ನೀನು?" ಎಂದರು ಮಕಾರಿಯೊಗೆ.

"ನಾನು ಸಭಾಂಗಣದ ಕೊನೇಲಿ ದೀಪದ ಹಲಗೆ ಹತ್ರ ಇದ್ದೆ. ಭುಜದ ಮೇಲೆ ಬೆಳಕು ಹೇಗೆ ಬೀಳುತ್ತೆ ಅಂತ ನೋಡ್ತಿದ್ದೆ. ಭುಜ ಚೆನ್ನಾಗಿತ್ತು."

"ಶಹಬ್ಬಾಸ್. ಒಬ್ರು ಬಟ್ಟೆ ನೋಡಿದ್ರಿ, ಒಬ್ರು ಬೆಳಕು ನೋಡಿದ್ರಿ, ಹೆಂಗಸನ್ನ ಯಾರೂ ನೋಡ್ಲಿಲ್ಲ."

ಆ ಚುಚ್ಚು ಮಾತು ನನಗೆ ನಾಟಿತು. ಕಣ್ಣು ಮುಚ್ಚಿ ಮಂಗಳವಾರವನ್ನು ಬೆರಳುಗಳಿಂದ ನೆನಪಿಸಿಕೊಂಡೆ. ಮೇಲಿನ ಹುಕ್ಕುಗಳು ಸಲೀಸಾಗಿ ಬಿದ್ದವು. ಸೊಂಟದ ಹತ್ತಿರ ಕೂಡಲಿಲ್ಲ. ನಾನು ಬೈದಿದ್ದೆ: "ಮೆರವಣಿಗೆ ಬೀದೀಲಿ ಪಾಕದಲ್ಲಿ ಅದ್ದಿದ ಕರಿದ ಬಳೆ ಎಷ್ಟು ತಿಂದೆಯೇ?" ಉತ್ತರ ಬರಲಿಲ್ಲ. ಅಲ್ಲೇ ಕತ್ತರಿ ತೆಗೆದು ಒಳಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲ ಮಾಡಿದ್ದೆ. ಬುಧವಾರ ನೋಡಿದರೆ ಒತಿಲಿಯಾಗೆ ಅದು ದೊಗಳೆ. ಉಪವಾಸ ಮಾಡಿರಬೇಕೆಂದು ಬೈದುಕೊಳ್ಳುತ್ತಲೇ ಮತ್ತೆ ಬಿಗಿ ಮಾಡಿದ್ದೆ.

ಎರಡು ಬೆರಳು. ಆ ಅಳತೆ ನನಗೆ ಗೊತ್ತಿತ್ತು. ಕಾಸಿಲ್ದಾಳ ಅಸಲು ಗೌನಿಗೂ ಒತಿಲಿಯಾಳ ಮೈಗೂ ಇದ್ದ ವ್ಯತ್ಯಾಸ ಸರಿಯಾಗಿ ಅಷ್ಟೇ, ಸೊಂಟದಲ್ಲಿ ಮಾತ್ರ. ಭುಜ ಅದೇ, ಬೆನ್ನಿನ ಉದ್ದ ಅದೇ.

"ಹೆಸರು ಬೇಡ ಕಣೇ ಒತಿಲಿಯಾ," ಎಂದೆ. "ನಿನ್ನ ಆಣೆ ನಿನಗಿರ್ಲಿ. ಮಂಗಳವಾರ ನಾನು ತೊಡಿಸಿದ್ದು ಕಾಸಿಲ್ದಾಳ ಮೈಕಟ್ಟಿಗೆ. ಆ ಮೈಕಟ್ಟು ಈ ಊರಲ್ಲಿ ಈಗ ಒಬ್ಬರಿಗೇ ಇರೋದು."

ಒತಿಲಿಯಾ ತಲೆ ತಗ್ಗಿಸಿದಳು. ಸಾಹೇಬರಿಗೆ ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿರಲಿಲ್ಲ.

ಐದಕ್ಕೆ ಕಾಲು ಗಂಟೆ ಇದ್ದಾಗ ಸೊರಾಯ್ದಾ ಬಂದಳು. ಐವತ್ತೈದು ದಾಟಿದ ಹೆಂಗಸು, ಕತ್ತು ಎಂದೂ ಬಾಗಿದ್ದಲ್ಲ. ಮಕಾರಿಯೊ, ಒತಿಲಿಯಾ ಇಬ್ಬರನ್ನೂ ಹೊರಗೆ ಕಳಿಸಿದ್ದೆವು. ಮುಂಬಾಗಿಲಲ್ಲಿ ಪತ್ರಕರ್ತರ ಗದ್ದಲ ಕೇಳುತ್ತಿತ್ತು.

"ಏನು ತೀರ್ಮಾನ ಆಯ್ತು?" ಎಂದಳು.

ಸಾಹೇಬರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನೇ ಬಾಯಿ ಹಾಕಿದೆ. "ಸ್ವಲ್ಪ ಆ ಕಡೆ ತಿರುಗಿ ನಿಲ್ಲಿ ಸೊರಾಯ್ದಾ ಅವ್ರೇ."

"ಯಾಕೆ?"

"ನಿಮ್ಮ ಬೆನ್ನಿನ ಪರಿಚಯ ನನಗಿದೆ. ಮುಖಕ್ಕಿಂತ ಚೆನ್ನಾಗಿ."

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ನಿಧಾನವಾಗಿ ತಿರುಗಿ ನಿಂತಳು. ಟೇಪು ಬೇಕಾಗಲಿಲ್ಲ.

"ಎರಡು ಬೆರಳು," ಎಂದೆ. "ನಾನು ಅಷ್ಟು ಬೈದ್ರೂ ಬಾಯಿ ಬಿಡ್ಲಿಲ್ಲ ನೀವು."

"ಕರಿದ ಬಳೆ ಅಂದಾಗ ನಗು ತಡೆಯೋಕೆ ತುಟಿ ಕಚ್ಚಿಕೊಂಡಿದ್ದೆ," ಎಂದಳು ಸೊರಾಯ್ದಾ, ಇನ್ನೂ ಬೆನ್ನು ತೋರಿಸಿಕೊಂಡೇ.

ನನ್ನ ರಕ್ತ ಕುದಿಯಿತು. "ನಗು ಬೇರೆ! ನಿಮ್ಮನ್ನ ಎತ್ತಿ ಆಡಿಸಿದ ಅತ್ತೆ ಅವರು. ಅವರ ಮಾನ ಬೀದಿಗೆ ಹಾಕಿ, ಮೇಲಿಂದ ನಮಗೇ ಗಡುವು ಕೊಡ್ತೀರಾ? ಯಾರಿಗೋಸ್ಕರ ಈ ನೀಚ ಕೆಲಸ?"

"ಅತ್ತೆಗೋಸ್ಕರ." ಈಗ ತಿರುಗಿದಳು. "ಕೂತ್ಕೊಳ್ಳಿ. ಅಲ್ಲಿ ಗೋಡೆ ಮೇಲೆ ಆ ಗೌನಿನಲ್ಲಿದ್ದ ನನ್ನ ಐದು ಫೋಟೋ ಇತ್ತು. ನಾನು ಆರಿಸಿದ್ದು ಉಬ್ಬು ಕಾಣೋದನ್ನೇ. ಯಾಕೆ ಹೇಳಿ?"

ನಾನು ಸ್ಟೂಲು ಎಳೆದುಕೊಂಡು ಕೂತೆ.

"ನೀವು ಕಂಡುಹಿಡೀತೀರಿ ಅಂತ. ಅತ್ತೆ ಗೌನಿನಲ್ಲಿ ಇಲ್ಲದ ಕುಂದು ಕಣ್ಣಿಗೆ ಬಿದ್ರೆ ನೀವು ಬಿಡೋರಲ್ಲ ಅಂತ. ಐದು ಗಂಟೆ ಗಡುವು ಹಾಕಿದ್ದೂ ಅದಕ್ಕೇ. ನೀವೀಗ ಹೊರಗೆ ಹೋಗಿ ಅಷ್ಟು ಜನ ಪತ್ರಕರ್ತರ ಮುಂದೆ ಚೀಲ, ಡಬ್ಬಿ, ಬೊಂಬೆ ಎಲ್ಲ ತೋರಿಸ್ತೀರಿ. ಊರೆಲ್ಲ ನಗುತ್ತೆ. ಇನ್ಮೇಲೆ ಕಾಸಿಲ್ದಾ ಅರಮನೇಲಿ ಕೂತಿರೋ ಫೋಟೋ ಅಂತ ಯಾರು ಏನು ತಂದ್ರೂ, ಓ ನಾಟಕದವರದ್ದು ಅಂತ ಕಸದ ಬುಟ್ಟಿಗೆ ಹಾಕ್ತಾರೆ."

"ಯಾರು ತರ್ತಾರೆ?" ಎಂದೆ. "ತರೋಕೆ ಏನಿದೆ?"

ಸೊರಾಯ್ದಾ ಕೈಚೀಲದಿಂದ ಒಂದು ಲಕೋಟೆ ತೆಗೆದಳು. ಅದರೊಳಗಿದ್ದ ಫೋಟೋವನ್ನು ನನ್ನ ಇಸ್ತ್ರಿ ಮೇಜಿನ ಮೇಲೆ, ನನಗೆ ಮಾತ್ರ ಕಾಣುವಂತೆ ಇಟ್ಟಳು.

ಅಭ್ಯಾಸಬಲ, ಮೊದಲು ಸೊಂಟ ನೋಡಿದೆ. ಬಟ್ಟೆ ನೀರಿನ ಹಾಗೆ ಇಳಿದಿತ್ತು. ಆಮೇಲೆ ಮುಖ. ಇವಳು ಬೆನ್ನು ತಿರುಗಿಸಿ ಕೂತಿರಲಿಲ್ಲ. ಅರಮನೆಯ ಮೇಜಿನ ಪಕ್ಕ, ಜನರಲ್ ಮತ್ತು ಅವನ ಕುರ್ಚಿ ಹಿಂದೆ ಬಂದೂಕು ಹಿಡಿದ ಎಳೆ ಪೊಲೀಸಿನವನ ಎದುರಿಗೆ, ನೆಟ್ಟಗೆ ನಿಂತಿದ್ದಳು, ಕಾಸಿಲ್ದಾ, ನಮ್ಮ ಕಾಸಿಲ್ದಾ. ಬಾಯಿ ತೆರೆದಿತ್ತು. ಹಾಡುತ್ತಿದ್ದಳು.

ಅವಳು ಯಾಕೆ ಹೋದಳು, ಆಮೇಲೆ ಬಂದರಿಗೆ ಹೋದಳೋ ಇಲ್ಲವೋ, ಒಂದೂ ಕೇಳಲು ಧೈರ್ಯ ಬರಲಿಲ್ಲ. ಹೊರಗೆ ಹೋಗಿ ನಾನು ಹೇಳಬೇಕಾಗಿದ್ದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಇಂಥವು ಎರಡು ಪ್ರತಿ ಇವೆ," ಎಂದಳು ಸೊರಾಯ್ದಾ. "ಒಂದು ಅತ್ತೆ ಸಾಯೋವಾಗ ನನಗೆ ಕೊಟ್ರು. ಇನ್ನೊಂದು ಇಟ್ಕೊಂಡಿರೋರು ಹೋದ ತಿಂಗಳು ನನಗೆ ಹೆಸರಿಲ್ಲದ ಕಾಗದ ಬರೆದ್ರು, ನಾಟಕ ನಿಲ್ಲಿಸು, ಇಲ್ಲಾಂದ್ರೆ ಇದನ್ನ ಪತ್ರಿಕೆಗೆ ಕೊಡ್ತೀನಿ ಅಂತ."

ಚರ್ಚಿನ ಗಂಟೆ ಐದು ಹೊಡೆಯಿತು. ಹೊರಗಿನಿಂದ ನಿರ್ದೇಶಕಿ ನನ್ನ ಹೆಸರು ಹಿಡಿದು ಕೂಗುತ್ತಿದ್ದರು.

ಬಸಲಾರ್ ಸಾಹೇಬರು ಕೈ ಚಾಚಿದರು. "ಕೊಡಿ ಇಲ್ಲಿ. ನಾನೂ ಒಂದ್ಸಲ ನೋಡ್ತೀನಿ."

ಸೊರಾಯ್ದಾ ಫೋಟೋದ ಮೇಲೆ ಅಂಗೈ ಒತ್ತಿದಳು.

"ನಿಮಗ್ಯಾಕೆ ನೋಡೋ ಕಷ್ಟ ಸಾಹೇಬ್ರೇ?" ಎಂದಳು. "ಆವತ್ತು ಜನರಲ್ ಕುರ್ಚಿ ಹಿಂದೆ ಬಂದೂಕು ಹಿಡ್ಕೊಂಡು ನಿಂತಿದ್ದೋರು ನೀವೇ ಅಲ್ವಾ?"